ಮಿಂಚನ್ನು ಪಳಗಿಸಿದ ಮೇಷ್ಟ್ರು

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಹಳೆಯ ಮದುವೆ ಆಲ್ಬಮ್ ತೆರೆದರೆ ಚೌಕಾಕಾರದ ಫೋಟೋಗಳು ಕಾಣುತ್ತವೆ. ಇವು 120 ರೋಲ್ ಹಾಕುವ ಯಾಶಿಕಾದಂಥ ಕ್ಯಾಮೆರಾಗಳ ಫೋಟೋಗಳು. ಒಂದು ರೋಲಿಗೆ ಬರೀ 12 ಚಿತ್ರ. ಕ್ಯಾಮೆರಾದ ಪಕ್ಕದಲ್ಲಿ ಉದ್ದನೆಯ ಹಿಡಿ ಇರುವ ದೊಡ್ಡ ಫ್ಲ್ಯಾಶ್. ಆ ಫ್ಲ್ಯಾಶ್ ಯಾರಿಂದ ಬಂತು ಎಂದು ಹುಡುಕಿದಾಗ ನನಗೆ ಸಿಕ್ಕ ಹೆಸರು ಹೆರಾಲ್ಡ್ ಎಜರ್ಟನ್.

ಎಜರ್ಟನ್ ಅವರು 1903ರ ಏಪ್ರಿಲ್ 6ರಂದು ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಹುಟ್ಟಿದರು. ಬೆಳೆದದ್ದು ಅರೋರಾ ಎಂಬ ಸಣ್ಣ ಊರಿನಲ್ಲಿ. ರಜೆಯಲ್ಲಿ ಅಲ್ಲಿನ ವಿದ್ಯುತ್ ಕಂಪನಿಯಲ್ಲಿ ದುಡಿದರು. 1925ರಲ್ಲಿ ಎಂಜಿನಿಯರಿಂಗ್ ಮುಗಿಸಿ, ಆಮೇಲೆ ಎಂಐಟಿ ಸೇರಿ 1931ರಲ್ಲಿ ಡಾಕ್ಟರೇಟ್ ಪಡೆದು, ಅಲ್ಲೇ ಮೇಷ್ಟ್ರಾದರು.

ಅವರಿಗೆ ಬೇಕಾಗಿದ್ದದ್ದು ಫೋಟೋ ಅಲ್ಲ, ತಿರುಗುವ ಮೋಟಾರಿನ ಒಳಗೆ ಏನಾಗುತ್ತದೆ ಎಂದು ನೋಡುವುದು. ಮೋಟಾರಿನ ವೇಗಕ್ಕೆ ಸರಿಯಾಗಿ ದೀಪ ಮಿನುಗಿಸಿದರೆ ಅದು ನಿಂತ ಹಾಗೆ ಕಾಣುತ್ತದೆ. ಅದೇ ಬೆಳಕನ್ನು ಅವರು ನಲ್ಲಿಯ ನೀರಿನ ಮೇಲೆ, ಹಾಲಿನ ಹನಿಯ ಮೇಲೆ, ಹಾರುವ ಗುಂಡಿನ ಮೇಲೆ ಬಿಟ್ಟರು. ಬಿದ್ದ ಹಾಲಿನ ಹನಿ ಕಿರೀಟದಂತೆ ಏಳುವ 1957ರ ಚಿತ್ರ ಇಂದಿಗೂ ಪ್ರಸಿದ್ಧ.

ಅದಕ್ಕೂ ಮೊದಲು ಫೋಟೋದವರು ಹೊಗೆ ಬರುವ ಪುಡಿ ಉರಿಸುತ್ತಿದ್ದರು, ಇಲ್ಲವೇ ಒಂದೇ ಸಲ ಉರಿಯುವ ಬಲ್ಬ್ ಬಳಸಿ ಎಸೆಯುತ್ತಿದ್ದರು. ಎಲೆಕ್ಟ್ರಾನಿಕ್ ಫ್ಲ್ಯಾಶ್ ಮತ್ತೆ ಮತ್ತೆ ಬೆಳಗುತ್ತದೆ. ಕಾಮರ್ಸ್ ಓದುವ ನನಗೆ ಇದು ಉಳಿತಾಯ ಖಾತೆಯಂತೆ ಕಾಣುತ್ತದೆ. ಬ್ಯಾಟರಿಯಿಂದ ಸ್ವಲ್ಪಸ್ವಲ್ಪವಾಗಿ ಬಂದ ವಿದ್ಯುತ್ತು ಕೆಪಾಸಿಟರ್‌ನಲ್ಲಿ ಜಮೆಯಾಗುತ್ತದೆ. ಬಟನ್ ಒತ್ತಿದಾಗ ಅನಿಲ ತುಂಬಿದ ಗಾಜಿನ ಕೊಳವೆಯಲ್ಲಿ ಒಮ್ಮೆಲೇ ಖರ್ಚಾಗುತ್ತದೆ. ಲೆಕ್ಕವೂ ಸುಲಭ. ಫ್ಲ್ಯಾಶ್‌ನ ಗೈಡ್ ನಂಬರ್ 45 ಇದ್ದು ಮದುಮಗಳು 4 ಮೀಟರ್ ದೂರದಲ್ಲಿದ್ದರೆ, ಭಾಗಿಸಿ ಲೆನ್ಸನ್ನು 11ಕ್ಕೆ ಇಡಬೇಕು.

ಆದರೆ ಈ ಬೆಳಕಿಗೆ ಇನ್ನೊಂದು ಮುಖವೂ ಇದೆ. ಎರಡನೇ ಮಹಾಯುದ್ಧದಲ್ಲಿ ವಿಮಾನಗಳು ಎಜರ್ಟನ್ನರ ಫ್ಲ್ಯಾಶ್‌ನಿಂದ ರಾತ್ರಿಯಲ್ಲಿ ನೆಲದ ಫೋಟೋ ತೆಗೆದವು. 1947ರಲ್ಲಿ ಅವರು ಇಬ್ಬರು ಜೊತೆಗಾರರೊಂದಿಗೆ ಕಟ್ಟಿದ ಕಂಪನಿ ಅಣುಬಾಂಬ್ ಪರೀಕ್ಷೆಗಳಿಗೂ ಕೆಲಸ ಮಾಡಿತು. ಮುಂದೆ ಅವರೇ ಸಮುದ್ರ ಸಂಶೋಧಕ ಕುಸ್ಟೋ ಜೊತೆ ಸೇರಿ ಕತ್ತಲೆಯ ಆಳಕ್ಕೆ ಬೆಳಕು ಇಳಿಸಿದರು. ಒಂದೇ ವಿದ್ಯೆ ಬಾಂಬಿನ ಹತ್ತಿರವೂ ಹೋಯಿತು, ಮೀನಿನ ಹತ್ತಿರವೂ ಹೋಯಿತು. ವಿದ್ಯೆ ಕಲಿತರೆ ಸಾಲದು, ಅದು ಯಾರ ಕೈಗೆ ಹೋಗುತ್ತದೆ ಎಂದೂ ನೋಡಬೇಕು ಎಂದು ನನಗೆ ಅನಿಸುತ್ತದೆ.

ಎಜರ್ಟನ್ 1990ರ ಜನವರಿ 4ರಂದು, 86ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯವರೆಗೂ ಎಂಐಟಿಯ ನಂಟು ಬಿಡಲಿಲ್ಲ.

ನಾನು ಹುಟ್ಟುವ ಮೊದಲೇ ನನ್ನ ನಾನಾ ಹೋಗಿಬಿಟ್ಟಿದ್ದರು. ಅವರ ಮುಖ ನನಗೆ ಗೊತ್ತಿರುವುದು ನಿಕಾಹ್‌ನ ರಾತ್ರಿ ಫ್ಲ್ಯಾಶ್ ಹಾಕಿ ತೆಗೆದ ಒಂದು ಚೌಕ ಫೋಟೋದಿಂದ ಮಾತ್ರ. ಸೆಕೆಂಡಿನ ನೂರರಲ್ಲಿ ಒಂದು ಭಾಗವೂ ಇರದ ಆ ಬೆಳಕು ನಮ್ಮ ಮನೆಯಲ್ಲಿ ಇಷ್ಟು ವರ್ಷ ಉಳಿದಿದೆ.

ಗೆಳೆಯರೇ, ನಿಮ್ಮ ಮನೆಯಲ್ಲೂ ಹಳೆಯ ನೆಗೆಟಿವ್‌ಗಳಿದ್ದರೆ ಎಸೆಯಬೇಡಿ. ಒಣಗಿದ ಜಾಗದಲ್ಲಿ ಕವರ್ ಹಾಕಿ ಇಡಿ. ಅಟ್ಟದಲ್ಲಿ ಹಳೆಯ ಫ್ಲ್ಯಾಶ್ ಸಿಕ್ಕಿದರೆ ಸೆಲ್‌ಗಳನ್ನು ತೆಗೆದಿಡಿ, ಆದರೆ ಬಿಚ್ಚಲು ಹೋಗಬೇಡಿ. ಕೆಪಾಸಿಟರ್‌ನಲ್ಲಿ ಉಳಿದ ಜಮೆ ಜೋರಾಗಿ ಶಾಕ್ ಹೊಡೆಯಬಲ್ಲದು.