ಹಿರಿತನದ ಹಕ್ಕು, ಹೊಸಬರ ಪಾಲು



ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಾರುಕಟ್ಟೆಯಿಂದ ಗೂಡು ಬಂದಿಳಿದಿದೆ. ಬಿಸಿನೀರಿನ ಹಬೆ ಕೋಣೆಯನ್ನೆಲ್ಲ ತುಂಬಿದೆ. ಇಪ್ಪತ್ತು ವರ್ಷಗಳಿಂದ ದುಡಿಯುತ್ತಿರುವವರು ಗಾಳಿ ಬರುವ ಕಡೆ ಕೂತಿದ್ದಾರೆ. ಮೊನ್ನೆ ಮೊನ್ನೆ ಸೇರಿದ ಹುಡುಗನಿಗೆ ಒಲೆಯ ಪಕ್ಕದ ಜಾಗ. ಹಬ್ಬದ ಮುಂಚೆ ಮುಂಗಡ ಕೊಡುವಾಗಲೂ ಹಳಬರದೇ ಮೊದಲ ಸರದಿ. ನಾವೂ ಆ ಒಲೆಯ ಪಕ್ಕದಲ್ಲೇ ಬೆಂದು ಬಂದವರು ಎಂಬುದು ಹಳಬರ ವಾದ. ತನ್ನ ಕೈ ಅವರಿಗಿಂತ ಚುರುಕಾಗಿರುವಾಗ ಕೂಲಿ ಮಾತ್ರ ಏಕೆ ಕಡಿಮೆ ಎಂಬುದು ಹುಡುಗನ ಪ್ರಶ್ನೆ.

ಇದು ಬಿಚ್ಚಾಣಿಕೆ ಘಟಕದ ಕಥೆ ಮಾತ್ರವಲ್ಲ. ಶಾಲೆಯ ಅಧ್ಯಾಪಕರ ಕೋಣೆಯಲ್ಲಿ, ಸರಕಾರಿ ಕಚೇರಿಯಲ್ಲಿ, ಬಸ್ ಡಿಪೋದಲ್ಲಿ, ಅಷ್ಟೇಕೆ, ನಮ್ಮ ಮದ್ರಸಗಳಲ್ಲಿಯೂ ಇದೇ ಮುಸುಕಿನ ಗುದ್ದಾಟ ನಡೆದಿರುತ್ತದೆ. ಹಿರಿಯರ ಎದೆಯಲ್ಲಿ ಅಹಂಕಾರವೂ ಕಿರಿಯರ ಎದೆಯಲ್ಲಿ ಅಸೂಯೆಯೂ ಮನೆ ಮಾಡಿಕೊಳ್ಳುತ್ತವೆ. ಬೆಂಕಿಯು ಕಟ್ಟಿಗೆಯನ್ನು ತಿನ್ನುವಂತೆ ಅಸೂಯೆಯು ಸತ್ಕರ್ಮಗಳನ್ನು ತಿಂದು ಹಾಕುತ್ತದೆಂದು ಬಲ್ಲ ನಾವೇ ಅದನ್ನು ದಿನವೂ ಕೆಲಸದ ಜಾಗಕ್ಕೆ ಹೊತ್ತೊಯ್ಯುತ್ತೇವೆ. ಹಾಗಾದರೆ ಹಿರಿತನಕ್ಕೆ ಸಲ್ಲಬೇಕಾದದ್ದೇನು? ಹೊಸಬನಿಗೆ ಸಿಗಬೇಕಾದದ್ದೇನು? ಈ ಪ್ರಶ್ನೆಯ ಎರಡೂ ಬದಿಗಳಲ್ಲಿ ನಿಂತ ಒಬ್ಬ ದೊಡ್ಡ ವ್ಯಕ್ತಿಯ ಬದುಕನ್ನು ಇಲ್ಲಿ ನೋಡೋಣ. ಅವರು ಬೇರೆ ಎಲ್ಲಿಯವರೋ ಅಲ್ಲ, ನಮ್ಮದೇ ಜಿಲ್ಲೆಯವರು.

ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಹೋಗಿ, ಅಲ್ಲಿಂದ ನಂದಿ ಬೆಟ್ಟದ ಕಡೆಗೆ ಸಾಗಿದರೆ ಮುದ್ದೇನಹಳ್ಳಿ ಸಿಗುತ್ತದೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಆ ಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ಆದರೆ ಹಣವಂತರಲ್ಲ. ಮಗ ಇನ್ನೂ ಹುಡುಗನಾಗಿದ್ದಾಗಲೇ ಅವರು ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಮೊದಲ ಪಾಠಗಳನ್ನು ಮುಗಿಸಿದ ಬಾಲಕ ಬೆಂಗಳೂರಿಗೆ ಬಂದು, ಮನೆಪಾಠ ಹೇಳಿ ಹೊಟ್ಟೆ ಹೊರೆಯುತ್ತ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮಾಡಿದರು. ಮೈಸೂರು ಸರಕಾರದ ವಿದ್ಯಾರ್ಥಿವೇತನ ದೊರೆತದ್ದರಿಂದ ಪುಣೆಯ ಕಾಲೇಜಿಗೆ ಹೋಗಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಬಡ ಮನೆಯ ಹುಡುಗನೊಬ್ಬನಿಗೆ ಸರಕಾರ ಕೈ ಹಿಡಿದು ದಾರಿ ತೋರಿಸಿದ್ದರಿಂದಲೇ ಮುಂದಿನದೆಲ್ಲ ಸಾಧ್ಯವಾಯಿತು. ಈ ಮಾತನ್ನು ನೆನಪಿನಲ್ಲಿಡಿ. ಇದು ಮತ್ತೆ ಬೇಕಾಗುತ್ತದೆ.

1884ರಲ್ಲಿ ಅವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಸೇರಿದರು. ಸಿಂಧ್‌ನ ಸುಕ್ಕೂರಿಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿಕೊಟ್ಟರು. ಪುಣೆಯ ಬಳಿಯ ಖಡಕ್ವಾಸ್ಲಾ ಜಲಾಶಯಕ್ಕೆ, ನೀರು ಏರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ರೂಪಿಸಿದರು. ಅದಕ್ಕೆ ಪೇಟೆಂಟ್ ಪಡೆದರೂ ಸರಕಾರದಿಂದ ಅದರ ಹಣವನ್ನು ತೆಗೆದುಕೊಳ್ಳಲಿಲ್ಲ. ಸರಕಾರದ ಸಂಬಳ ಪಡೆಯುತ್ತಿರುವಾಗ ಮಾಡಿದ ಕೆಲಸಕ್ಕೆ ಇನ್ನೊಂದು ಬೆಲೆ ಕೇಳುವುದು ಅವರಿಗೆ ಸರಿ ಕಾಣಲಿಲ್ಲ. 1906ರಲ್ಲಿ ಅವರನ್ನು ಅರೇಬಿಯಾದ ತುದಿಯಲ್ಲಿರುವ ಏಡನ್ ನಗರಕ್ಕೂ ನೀರು ಮತ್ತು ಚರಂಡಿಯ ಯೋಜನೆಗಾಗಿ ಕಳುಹಿಸಲಾಯಿತು.

ಇಂಥ ಕೆಲಸಗಾರನಿಗೆ ಬೇಗ ಬೇಗ ಬಡ್ತಿ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅವರು ಹೀಗೆ ದಾಟಿ ಹೋದದ್ದು 18 ಮಂದಿ ಹಿರಿಯ ಎಂಜಿನಿಯರುಗಳನ್ನು. ಸೇವೆಯಲ್ಲಿ ತಮಗಿಂತ ಹಿಂದೆ ಇದ್ದವನು ಕಣ್ಣೆದುರೇ ಮೇಲೇರಿದಾಗ ಆ ಹಿರಿಯರ ಮನಸ್ಸು ಹೇಗಾಗಿರಬೇಕು ಎಂದು ಸ್ವಲ್ಪ ಯೋಚಿಸಿ. ಅವರೆಲ್ಲ ಸೋಮಾರಿಗಳೋ ದುಷ್ಟರೋ ಆಗಿರಬೇಕೆಂದಿಲ್ಲ. ಸರದಿಯಲ್ಲಿ ನಿಂತವರಿಗೆ ಸರದಿ ತಪ್ಪಿದಾಗ ಆಗುವ ನೋವು ಅವರದು. ಇಲಾಖೆಯಲ್ಲಿ ಅಸಮಾಧಾನ ಬೆಳೆಯಿತು.

ವಿಶ್ವೇಶ್ವರಯ್ಯನವರ ಮುಂದೆಯೂ ಒಂದು ಗೋಡೆಯಿತ್ತು. ಚೀಫ್ ಎಂಜಿನಿಯರ್ ಹುದ್ದೆ ಆಗ ಆಂಗ್ಲರ ಪಾಲಿನದು. ಭಾರತೀಯನೊಬ್ಬ ಎಷ್ಟೇ ಸಮರ್ಥನಾದರೂ ಅಲ್ಲಿಗೆ ಏರುವ ಆಸೆ ಇಟ್ಟುಕೊಳ್ಳುವಂತಿರಲಿಲ್ಲ. ಸಾಮರ್ಥ್ಯದಿಂದ 18 ಜನರನ್ನು ದಾಟಿದ ವ್ಯಕ್ತಿಗೆ ಚರ್ಮದ ಬಣ್ಣ ಅಡ್ಡ ಬಂತು. 1908ರಲ್ಲಿ ಅವರು ತಾವಾಗಿಯೇ ನಿವೃತ್ತಿ ಕೇಳಿದರು. ಪಿಂಚಣಿಗೆ ಬೇಕಾದಷ್ಟು ವರ್ಷಗಳ ಸೇವೆ ತುಂಬಿರದಿದ್ದರೂ ಸರಕಾರ ಅವರ ಕೆಲಸವನ್ನು ಮೆಚ್ಚಿ ಪಿಂಚಣಿ ಮಂಜೂರು ಮಾಡಿತು. ಜಗಳವಾಡದೆ, ಯಾರನ್ನೂ ದೂರದೆ ಹೊರಗೆ ನಡೆದದ್ದು ಅವರ ದೊಡ್ಡತನ.

ಮುಚ್ಚಿದ ಬಾಗಿಲ ಆಚೆ ಬೇರೆ ಬಾಗಿಲುಗಳು ತೆರೆದವು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ನಿಜಾಮರ ಸರಕಾರ ಅವರನ್ನು ಕರೆಸಿಕೊಂಡಿತು. ಪ್ರವಾಹವನ್ನು ತಡೆಯಲು ಅವರು ಹಾಕಿಕೊಟ್ಟ ಯೋಜನೆಯಿಂದಲೇ ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಮೂಡಿದವು. 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು. ಕನ್ನಂಬಾಡಿ ಅಣೆಕಟ್ಟು, 1913ರ ಮೈಸೂರು ಬ್ಯಾಂಕು, 1916ರ ಮೈಸೂರು ವಿಶ್ವವಿದ್ಯಾಲಯ ಇವೆಲ್ಲ ನಿಮಗೆ ಗೊತ್ತಿರುವಂಥವು. ಅವರ ಆರು ವರ್ಷಗಳ ಆಡಳಿತದಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಎರಡು ಪಟ್ಟಿಗಿಂತ ಹೆಚ್ಚಾಯಿತು. ಶಿಡ್ಲಘಟ್ಟದವರು ತಿಳಿಯಬೇಕಾದ ಇನ್ನೊಂದು ಸಂಗತಿಯುಂಟು. ಟಿಪ್ಪು ಸುಲ್ತಾನರ ಕಾಲದಲ್ಲಿ ಮೈಸೂರಿಗೆ ಬಂದ ರೇಷ್ಮೆಗೆ ಹೊಸ ಜೀವ ತುಂಬಲು ಇಟಲಿಯ ತಜ್ಞರನ್ನು ಕರೆಸಿದ್ದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲೇ.

ಓದುಗರೇ, ಇಲ್ಲಿಯವರೆಗೆ ನಾವು ಕಂಡದ್ದು ಹಿರಿಯರ ಸಾಲನ್ನು ದಾಟಿ ಬಂದ ಹೊಸಬನನ್ನು. ಇನ್ನು ಅದೇ ವ್ಯಕ್ತಿ ಅಧಿಕಾರದ ತುದಿಯಲ್ಲಿ ನಿಂತಾಗ ಏನಾಯಿತೆಂದು ನೋಡಿ.

ಆಗ ಮೈಸೂರಿನ ಕಚೇರಿಗಳಲ್ಲಿ ಬಹುಪಾಲು ಹುದ್ದೆಗಳಲ್ಲಿದ್ದವರು ಇಂಗ್ಲಿಷ್ ವಿದ್ಯೆಗೆ ಮೊದಲು ತೆರೆದುಕೊಂಡ ಬ್ರಾಹ್ಮಣ ಸಮುದಾಯದವರು. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಮತ್ತು ಇತರ ಹಿಂದುಳಿದವರು ಆಗಷ್ಟೇ ಓದಿ ಬಾಗಿಲಿಗೆ ಬಂದು ನಿಂತಿದ್ದರು. ತಮಗೂ ಪಾಲು ಬೇಕೆಂದು ಅವರ ಮುಖಂಡರು ಪ್ರಜಾಮಿತ್ರ ಮಂಡಳಿಯ ಮೂಲಕ ಮಹಾರಾಜರನ್ನು ಕೇಳಿಕೊಂಡರು. 1918ರಲ್ಲಿ ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅದರ ಸದಸ್ಯರಲ್ಲಿ ಗುಲಾಮ್ ಅಹ್ಮದ್ ಕಲಾಮಿ ಅವರೂ ಇದ್ದರು.

ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಹುದ್ದೆಗಳು ಅರ್ಹತೆಯಿಂದಲೇ ಸಿಗಬೇಕು, ಹಿಂದುಳಿದವರನ್ನು ವಿದ್ಯೆ ಕೊಟ್ಟು ಮೇಲೆತ್ತಬೇಕು, ಹಾಗಲ್ಲದೆ ಹುದ್ದೆಗಳನ್ನು ಹಂಚಿದರೆ ಆಡಳಿತ ಕುಗ್ಗುತ್ತದೆ ಎಂಬುದು ಅವರ ದೃಢವಾದ ನಂಬಿಕೆ. 1918ರ ಕೊನೆಯಲ್ಲಿ ಅವರು ಅಧಿಕಾರದಿಂದ ಹೊರಬಂದರು. ಅವರ ಪ್ರಾಮಾಣಿಕತೆಯನ್ನು ಯಾರೂ ಸಂಶಯಿಸುವಂತಿಲ್ಲ. ಸ್ವಂತ ಲಾಭಕ್ಕಾಗಿ ಅವರು ಆ ನಿಲುವು ತಳೆಯಲಿಲ್ಲ, ನಂಬಿಕೆಗಾಗಿ ಪದವಿಯನ್ನೇ ಬಿಟ್ಟರು.

ಆದರೂ ನ್ಯಾಯವಾಗಿ ನೋಡಿದರೆ ಒಂದು ಪ್ರಶ್ನೆ ಉಳಿಯುತ್ತದೆ. ಮುಂಬಯಿಯಲ್ಲಿ ಅವರನ್ನು ತಡೆದದ್ದು ಅರ್ಹತೆಯ ಕೊರತೆಯಲ್ಲ, ಒಳಗೆ ಮೊದಲೇ ಕೂತಿದ್ದವರು ಹಾಕಿಕೊಂಡ ಅಗುಳಿ. ಮೈಸೂರಿನ ಕಚೇರಿಗಳಲ್ಲೂ ಒಂದು ಅಗುಳಿ ಇತ್ತು. ಅದನ್ನು ಯಾರೂ ಬೇಕೆಂದು ಹಾಕಿರಲಿಕ್ಕಿಲ್ಲ. ಆದರೆ ಮೊದಲು ಬಂದವರು ತಮ್ಮವರನ್ನೇ ಕಾಣುತ್ತಾರೆ, ತಮ್ಮವರಿಗೇ ಕೆಲಸ ಕಲಿಸುತ್ತಾರೆ. ಹೊರಗೆ ನಿಂತವನಿಗೆ ಅರ್ಹತೆ ತೋರಿಸುವ ಜಾಗವೇ ಸಿಗುವುದಿಲ್ಲ. ವಿದ್ಯಾರ್ಥಿವೇತನ ಸಿಗದಿದ್ದರೆ ಮುದ್ದೇನಹಳ್ಳಿಯ ಹುಡುಗನ ಅರ್ಹತೆಯೂ ಬೆಳಕಿಗೆ ಬರುತ್ತಿರಲಿಲ್ಲ, ಅಲ್ಲವೇ? ಸಮಿತಿಯ ವರದಿಯ ಮೇಲೆ 1921ರಲ್ಲಿ ಸರಕಾರ ಆಜ್ಞೆ ಹೊರಡಿಸಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲೂ ಹಿಂದುಳಿದವರಿಗೆ ಸಿಗಬೇಕೆಂಬುದು ಅದರ ಗುರಿ. ಆಡಳಿತ ಕುಸಿಯಲಿಲ್ಲ. ಆ ಬಳಿಕವೂ ಮೈಸೂರು ಮಾದರಿ ಸಂಸ್ಥಾನವೆಂಬ ಹೆಸರನ್ನು ಉಳಿಸಿಕೊಂಡಿತು. 1926ರಿಂದ 1941ರವರೆಗೆ ಅದರ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್.

ವಿಶ್ವೇಶ್ವರಯ್ಯನವರ ಬದುಕು ಅಲ್ಲಿಗೆ ನಿಲ್ಲಲಿಲ್ಲ. 1923ರಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು, ನಷ್ಟದಲ್ಲಿದ್ದ ಅದನ್ನು ನಿಲ್ಲಿಸಿದರು. ಆ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕೈಕೆಲಸ ಕಲಿಸುವ ಸಂಸ್ಥೆಗೆ ಅದು ಹೋಗಲೆಂದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಹುಟ್ಟಿದ್ದು ಹೀಗೆ, 1943ರಲ್ಲಿ. ಸಂಸ್ಥೆಗೆ ತಮ್ಮ ಹೆಸರನ್ನೂ ಇಡಿಸಲಿಲ್ಲ. ಹಿರಿಯನೊಬ್ಬನಿಗೆ ಸಲ್ಲಬೇಕಾದ ಪಾಲು ಹೊಸಬರ ಕೈಗೆ ಕಸುಬಾಗಿ ಸೇರಿತು. ಮೈಸೂರಿನ ಪ್ರಶ್ನೆಗೆ ಅವರು ಬಾಯಿಂದ ಕೊಡದ ಉತ್ತರವನ್ನು ಇಲ್ಲಿ ಕೈಯಿಂದ ಕೊಟ್ಟರೆಂದು ನನಗೆ ತೋರುತ್ತದೆ. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್ 14ರಂದು, ನೂರು ದಾಟಿದ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸಮಾಧಿ ಹುಟ್ಟೂರಿನಲ್ಲೇ ಇದೆ.

ಈ ಬದುಕನ್ನು ಓದುವಾಗ ಇಸ್ಲಾಮೀ ಇತಿಹಾಸದ ಒಂದು ದೃಶ್ಯ ನೆನಪಾಗುತ್ತದೆ. ಪ್ರವಾದಿ ಮುಹಮ್ಮದ್(ಸ) ತಮ್ಮ ಕೊನೆಯ ದಿನಗಳಲ್ಲಿ ಸಿರಿಯಾದ ಕಡೆಗೆ ಹೊರಡುವ ಸೇನೆಗೆ ಹ. ಉಸಾಮಾ ಬಿನ್ ಝೈದ್(ರ)ರನ್ನು ನಾಯಕರನ್ನಾಗಿ ಮಾಡಿದರು. ಉಸಾಮಾ ಇಪ್ಪತ್ತರ ಆಸುಪಾಸಿನ ಯುವಕ, ವಿಮೋಚಿತ ಗುಲಾಮರೊಬ್ಬರ ಮಗ. ಸೇನೆಯಲ್ಲಿ ಹಿರಿಯ ಸಹಾಬಿಗಳಿದ್ದರು. ಕೆಲವರು ಗೊಣಗಿದರು. ಪ್ರವಾದಿ(ಸ) ಕಾಯಿಲೆಯಲ್ಲೂ ಹೊರಬಂದು ಉಸಾಮಾರ ಅರ್ಹತೆಯನ್ನು ಎತ್ತಿ ಹಿಡಿದರು. ಮುಂದೆ ಖಲೀಫರಾದ ಹ. ಅಬೂಬಕರ್(ರ) ಆ ಸೇನೆಯನ್ನು ಬೀಳ್ಕೊಡುವಾಗ ಯುವಕ ಸವಾರಿಯ ಮೇಲಿದ್ದರೆ ತಾವು ನಡೆದುಕೊಂಡೇ ಹೋದರು. ಹ. ಉಮರ್(ರ)ರನ್ನು ಮದೀನಾದಲ್ಲಿ ಉಳಿಸಿಕೊಳ್ಳಲು ಆ ಯುವ ಸೇನಾಪತಿಯ ಅನುಮತಿ ಕೇಳಿದರು. ಅದೇ ಹ. ಉಮರ್(ರ) ಖಲೀಫರಾದಾಗ ಬೈತುಲ್‌ಮಾಲ್‌ನಿಂದ ವೇತನ ಗೊತ್ತುಪಡಿಸುವಾಗ ಹಿರಿತನವನ್ನು ಮರೆಯಲಿಲ್ಲ. ಬದ್ರ್‌ನಲ್ಲಿ ಹೋರಾಡಿದವರಿಗೆ ಹೆಚ್ಚು ಪಾಲು ಕೊಟ್ಟರು. ಹ. ಅಬೂಬಕರ್(ರ) ಮಾತ್ರ ತಮ್ಮ ಕಾಲದಲ್ಲಿ ಎಲ್ಲರಿಗೂ ಸಮನಾಗಿ ಹಂಚಿದ್ದರು. ಹಂಚಿಕೆಯ ಕ್ರಮ ಕಾಲಕ್ಕೆ ತಕ್ಕಂತೆ ಬದಲಾಗಬಹುದು. ಆದರೆ ಹೊಣೆಯನ್ನು ಹೊರಬಲ್ಲವನಿಗೇ ಅದನ್ನು ವಹಿಸುವುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಹಾಗಾದರೆ ಲೆಕ್ಕ ಸ್ಪಷ್ಟ. ವರ್ಷಗಳ ದುಡಿಮೆಗೆ ಗೌರವ ಸಲ್ಲಲಿ, ನೆಮ್ಮದಿಯ ಜೀವನ ಸಲ್ಲಲಿ, ಗಾಳಿ ಬರುವ ಜಾಗವೂ ಸಲ್ಲಲಿ. ಆದರೆ ಬಾಗಿಲಿನ ಅಗುಳಿ ಮಾತ್ರ ಹಿರಿತನದ ಸೊತ್ತಲ್ಲ. ನೀವು ಹೊಸಬರಾಗಿದ್ದರೆ, ನಿಮ್ಮನ್ನು ಕಂಡು ಮುಖ ಸಿಂಡರಿಸುವ ಹಿರಿಯರು ಇಷ್ಟು ವರ್ಷ ನಿಂತ ಸರದಿಯನ್ನು ನೆನೆದು ತಾಳ್ಮೆ ತಂದುಕೊಳ್ಳಿ. ನೀವು ಹಳಬರಾಗಿದ್ದರೆ, ನಿಮ್ಮ ಮೊದಲ ದಿನದ ಒಲೆಯ ಝಳವನ್ನು ನೆನಪಿಸಿಕೊಳ್ಳಿ. ತಾನು ಬೆಂದ ಜಾಗದಲ್ಲಿ ಇನ್ನೊಬ್ಬನೂ ಬೇಯಲಿ ಎನ್ನುವುದು ನ್ಯಾಯವಲ್ಲ, ಸೇಡು. ನಾಳೆ ಕೆಲಸಕ್ಕೆ ಹೋದಾಗ ಆ ಹುಡುಗನಿಗೆ ನಿಮಗೆ ಗೊತ್ತಿರುವ ಒಂದು ಕೈಚಳಕವನ್ನು ಕಲಿಸಿಕೊಡಿ. ಹಬೆ ಹೆಚ್ಚಾದ ಹೊತ್ತಿನಲ್ಲಿ ಒಂದಿಷ್ಟು ಕಾಲ ಜಾಗ ಬದಲಿಸಿಕೊಳ್ಳಿ. ಹಿರಿತನ ಅದರಿಂದ ಕರಗುವುದಿಲ್ಲ.

ಸ್ಥಾನಮಾನಗಳೆಲ್ಲ ನಮಗೆ ವಹಿಸಿದ ಅಮಾನತ್ತುಗಳು. ಅವುಗಳನ್ನು ನ್ಯಾಯದಿಂದ ನಿಭಾಯಿಸುವ ಭಾಗ್ಯವನ್ನು ಅಲ್ಲಾಹನು ನಮ್ಮ ಹಿರಿಯರಿಗೂ ಕಿರಿಯರಿಗೂ ಅನುಗ್ರಹಿಸಲಿ.