ನಿಸ್ತಂತು ಶಿಲ್ಪಿ ಅಲೆಕ್ಸಾಂಡರ್‌ಸನ್

ಸ್ವೀಡನ್ ದೇಶದ ಉಪ್ಸಾಲಾ ನಗರದಲ್ಲಿ 1878ನೆಯ ಇಸವಿ ಜನವರಿ 25ರಂದು ಅರ್ನ್ಸ್ಟ್ ಅಲೆಕ್ಸಾಂಡರ್‌ಸನ್ನನು ಜನಿಸಿದನು. ತಂದೆ ಪ್ರಾಚೀನ ಭಾಷೆಗಳ ಪಂಡಿತ. ಮಗನ ಒಲವಾದರೋ ಯಂತ್ರಗಳ ಕಡೆಗೆ. ಸ್ಟಾಕ್‌ಹೋಮ್ ಮತ್ತು ಬರ್ಲಿನ್ನುಗಳಲ್ಲಿ ವ್ಯಾಸಂಗ ಮುಗಿಸಿದ ಆತನು, ಸ್ಟೈನ್‌ಮೆಟ್ಸ್ ಎಂಬ ವಿದ್ಯುತ್ ಶಾಸ್ತ್ರಜ್ಞನ ಗ್ರಂಥವನ್ನೋದಿ ಆತನ ಬಳಿ ಕೆಲಸ ಮಾಡುವ ಹಂಬಲದಿಂದ 1901ರಲ್ಲಿ ಅಮೆರಿಕಕ್ಕೆ ತೆರಳಿದನು. ಮರುವರ್ಷ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಕಂಪನಿಯನ್ನು ಸೇರಿದನು.

ಮನೆಗಳ ವಿದ್ಯುತ್ತು ಅಲ್ಲಿ ಸೆಕೆಂಡಿಗೆ 60 ಆವರ್ತಗಳದು. ನಿಸ್ತಂತು ಸಂಶೋಧಕ ಫೆಸೆಂಡನ್ನನು ಬೇಡಿದ್ದು ಒಂದು ಲಕ್ಷ ಆವರ್ತಗಳ ವಿದ್ಯುಜ್ಜನಕವನ್ನು! ಅಸಾಧ್ಯವೆನಿಸಿದ ಆ ಕಾರ್ಯವನ್ನು ಕೈಗೊಂಡ ಅಲೆಕ್ಸಾಂಡರ್‌ಸನ್ನನು 1906ರಲ್ಲಿ ಯಂತ್ರವನ್ನು ಒಪ್ಪಿಸಿದನು.

ಆದರೆ ಸಾಗರವನ್ನು ದಾಟಲು ಆ ಕಾಲದಲ್ಲಿ ದೀರ್ಘ ತರಂಗಗಳು ಬೇಕಾಗಿದ್ದವು. ಆತನ ಯಂತ್ರವಿರುವ ಸ್ವೀಡನ್ನಿನ ಗ್ರಿಮೆಟನ್ ನಿಲಯವನ್ನೇ ನೋಡೋಣ. ಅಲ್ಲಿನ ಅಲೆಯ ಉದ್ದ 17 ಕಿಲೋಮೀಟರಿಗೂ ಹೆಚ್ಚು; ಏರಿಯಲ್ಲನ್ನು ಹೊತ್ತ ಆರು ಗೋಪುರಗಳ ಎತ್ತರ 127 ಮೀಟರು ಮಾತ್ರ. ಅಲೆಗೆ ಹೋಲಿಸಿದರೆ ಇಷ್ಟು ಗಿಡ್ಡನಾದ ಏರಿಯಲ್ಲು ಬಿಗಿಯಾಗಿ ಶ್ರುತಿಗೂಡಿಸಿದ ತಂಬೂರಿಯ ತಂತಿಯಂತೆ. ಒಂದೇ ಸ್ವರಕ್ಕೆ ಒಲಿಯುತ್ತದೆ, ಮಿಡಿದ ಮೇಲೆ ಬೇಗನೆ ಸುಮ್ಮನಾಗದು. ಆದ್ದರಿಂದ ಸಂಕೇತಗಳನ್ನು ವೇಗವಾಗಿ ಕಳುಹಿಸಿದರೆ ಒಂದರೊಳಗೊಂದು ಬೆರೆತುಹೋಗುತ್ತವೆ. ಮೇಲಾಗಿ, ಒಂದೊಂದು ಚುಕ್ಕೆಗೂ ಗೆರೆಗೂ ಆ ಭಾರಿ ಯಂತ್ರವನ್ನು ನಿಲ್ಲಿಸಿ ಹೊರಡಿಸುವುದು ಸಾಧ್ಯವೆ?

ಇದಕ್ಕೆ ಆತನು ಕಾಂತವರ್ಧಕವನ್ನು ರೂಪಿಸಿದನು. ಕಬ್ಬಿಣದ ತಿರುಳಿನ ಸುರುಳಿಯೊಂದರಲ್ಲಿ ಅಲ್ಪ ವಿದ್ಯುತ್ತನ್ನು ಹರಿಸಿದರೆ ಕಬ್ಬಿಣದ ಕಾಂತಗುಣವು ಮಾರ್ಪಡುತ್ತದೆ. ಅದರೊಡನೆ ಏರಿಯಲ್ಲಿಗೆ ಹೋಗುವ ಅಪಾರ ಶಕ್ತಿಯೂ ಏರಿಳಿಯುತ್ತದೆ. ಆನೆಯನ್ನು ಅಂಕುಶದಿಂದ ನಡೆಸಿದಂತೆ! ಮುಂದೆ, ಜಲಾಂತರ್ಗಾಮಿಗಳಿಗೆ ಸುದ್ದಿ ಕಳುಹಿಸುವ ನಿಲಯಗಳಲ್ಲಿ, ಸಂಕೇತವು ಬದಲಾದಂತೆಲ್ಲ ಸುರುಳಿಯ ಗುಣವನ್ನೂ ಬದಲಿಸಿ ಏರಿಯಲ್ಲಿನ ಶ್ರುತಿಯನ್ನು ಅದರ ಹಿಂದೆಯೇ ನಡೆಸುವ ಉಪಾಯವು ಬಳಕೆಗೆ ಬಂದಿತು. ಗಿಡ್ಡ ಏರಿಯಲ್ಲಿನ ಇಕ್ಕಟ್ಟನ್ನು ಗೋಪುರವನ್ನೆತ್ತರಿಸದೆಯೇ ಸಡಿಲಿಸುವ ದಾರಿ ಅದು.

ಗ್ರಿಮೆಟನ್ ನಿಲಯವು ಸಿದ್ಧವಾಗುತ್ತಿದ್ದ ದಿನಗಳಲ್ಲೇ ಆತನ ಮನೆಗೆ ಸಂಕಟವೆರಗಿತು. 1923ರ ಏಪ್ರಿಲ್ 30ರಂದು ಆರು ವರ್ಷದ ಮಗನನ್ನು ದುಷ್ಟರು ಅಪಹರಿಸಿದರು. ತಂದೆಯ ಕಂಪನಿಯ ರೇಡಿಯೋ ನಿಲಯವು ಬಾಲಕನ ಚಹರೆಯನ್ನು ಸಾರಿತು. ದೂರದ ಊರಿನಲ್ಲಿ ಅದನ್ನು ಕೇಳಿದವನೊಬ್ಬನು ಹುಡುಗನನ್ನು ಗುರುತಿಸಿದನು. ಮಗು ಕ್ಷೇಮವಾಗಿ ಮನೆ ಸೇರಿತು. ಜಗತ್ತಿಗೆ ನಿಸ್ತಂತುವನ್ನು ಬೆಳೆಸಿಕೊಟ್ಟವನಿಗೆ ಆ ನಿಸ್ತಂತುವೇ ಮಗನನ್ನು ಮರಳಿಸಿತು.

ಗ್ರಿಮೆಟನ್ 1924ರಲ್ಲಿ ಕೆಲಸವನ್ನಾರಂಭಿಸಿತು. ಮುಂದೆ ಅಲೆಕ್ಸಾಂಡರ್‌ಸನ್ನನು ದೂರದರ್ಶನದ ಪ್ರಯೋಗಗಳಲ್ಲಿಯೂ ತೊಡಗಿದನು. ಮುನ್ನೂರಕ್ಕೂ ಹೆಚ್ಚು ಪೇಟೆಂಟುಗಳನ್ನು ಪಡೆದು, 1975ರ ಮೇ 14ರಂದು, ತನ್ನ 97ನೆಯ ವಯಸ್ಸಿನಲ್ಲಿ ತೀರಿಕೊಂಡನು. ಗ್ರಿಮೆಟನ್ 2004ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಪರಿಗಣಿತವಾಯಿತು. ವಿದ್ಯಾರ್ಥಿಮಿತ್ರರೇ, ಸಾಧನವು ಚಿಕ್ಕದೆಂದು ಕೈಚೆಲ್ಲದೆ ಅದನ್ನು ಸಮಯಕ್ಕೆ ತಕ್ಕಂತೆ ನಡೆಸುವ ಬುದ್ಧಿಯೇ ಆತನ ಬಾಳಿನಿಂದ ನಾವು ಕಲಿಯಬೇಕಾದ ಪಾಠ.