ಸೆರೆಮನೆಯಲ್ಲಿ ಹೊಳೆದ ಲೆಕ್ಕ: ಆಂದ್ರೆ ವೇಯ್

ಮಕ್ಕಳೇ, ನಮ್ಮ ನ್ಯೂಜೆರ್ಸಿಯ ಪ್ರಿನ್ಸ್‌ಟನ್ ಎಂದೊಡನೆ ಐನ್‌ಸ್ಟೈನ್ ನೆನಪಾಗುತ್ತಾರೆ, ಅಲ್ಲವೇ? ಅವರಿದ್ದ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್‌ಡ್ ಸ್ಟಡಿಗೇ 1958ರಲ್ಲಿ ಬಂದು ಸೇರಿದ, ಸಂಸ್ಕೃತ ಬಲ್ಲ ಫ್ರೆಂಚ್ ಗಣಿತಜ್ಞ ಆಂದ್ರೆ ವೇಯ್ ಅವರ ಕಥೆ ಇದು. (ಹರ್ಮನ್ ವೈಲ್ ಎಂಬ ಇನ್ನೊಬ್ಬ ಗಣಿತಜ್ಞರೂ ಅಲ್ಲಿದ್ದರು. ಅವರೇ ಬೇರೆ, ಇವರೇ ಬೇರೆ.)

ವೇಯ್ ಹುಟ್ಟಿದ್ದು 1906ರ ಮೇ 6ರಂದು, ಪ್ಯಾರಿಸ್ಸಿನಲ್ಲಿ. ತತ್ತ್ವಜ್ಞಾನಿ ಸಿಮೋನ್ ವೇಯ್ ಇವರ ತಂಗಿ. ವಿದ್ಯಾರ್ಥಿಯಾಗಿದ್ದಾಗಲೇ ಸಂಸ್ಕೃತ ಕಲಿತು ಭಗವದ್ಗೀತೆಯನ್ನು ಮೂಲದಲ್ಲೇ ಓದಿದರು. 1930ರಲ್ಲಿ ಅಲಿಗಢದ ಮುಸ್ಲಿಂ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದು, ಸುಮಾರು ಎರಡು ವರ್ಷ ಇದ್ದರು.

1939ರಲ್ಲಿ ಯುದ್ಧ ಶುರುವಾಯಿತು. ಯುದ್ಧ ಮಾಡೆಂದು ಅರ್ಜುನನಿಗೆ ಹೇಳುವ ಗೀತೆಯಿಂದಲೇ ವೇಯ್ ಬೇರೆ ಪಾಠ ಕಲಿತಿದ್ದರು. ಅವರವರ ಸ್ವಧರ್ಮ ಅವರವರಿಗೆ. ತನ್ನದು ಗಣಿತ, ಸೈನ್ಯವಲ್ಲ. ಇದು ಸರಿಯೇ ಎಂದು ಮನೆಯಲ್ಲಿ ಹಿರಿಯರನ್ನು ಕೇಳಿ ನೋಡಿ. ನನಗಂತೂ ಪೂರ್ತಿ ಒಪ್ಪಿಗೆಯಿಲ್ಲ. ಸೈನ್ಯಕ್ಕೆ ಸೇರದೆ ಫಿನ್‌ಲೆಂಡಿನಲ್ಲಿ ಉಳಿದರು. ಅಲ್ಲಿ ಗೂಢಚಾರನೆಂಬ ಸಂಶಯದಿಂದ ಬಂಧಿಸಿ ಹೊರಗಟ್ಟಿದರು. 1940ರಲ್ಲಿ ಫ್ರಾನ್ಸಿನ ರೂವಾಂ ಸೆರೆಮನೆ ಸೇರಿದರು. ಅಲ್ಲಿ ಕಾಗದ ಪೆನ್ಸಿಲು ಹಿಡಿದು ಕೂತಾಗ ಹೊಳೆದದ್ದೇ ಅವರ ದೊಡ್ಡ ಶೋಧ.

ಅದೇನೆಂದು ತಿಳಿಯಲು ಒಂದು ಆಟ ಆಡೋಣ. ಇಂದು ಭಾನುವಾರವಾದರೆ 15 ದಿನ ಕಳೆದ ಮೇಲೆ ಸೋಮವಾರ. ಏಕೆಂದರೆ 15ನ್ನು 7ರಿಂದ ಭಾಗಿಸಿದರೆ ಶೇಷ 1. ಮೂರೈದಲ ಹದಿನೈದು ತಾನೇ? ಹಾಗಾಗಿ 3ಕ್ಕೆ 5 ಜೋಡಿ. ಹಾಗೆಯೇ 2ಕ್ಕೆ 4. 1ಕ್ಕೂ 6ಕ್ಕೂ ತಾವೇ ಜೋಡಿ. ಈಗ ಒಂದು ವೃತ್ತವನ್ನು 7 ಸಮಭಾಗ ಮಾಡಿ, ಏಳು ದಿಕ್ಕುಗಳೆನ್ನಿ. 1ರಿಂದ 6ರವರೆಗೆ ಪ್ರತಿ ಸಂಖ್ಯೆಗೂ ಅದರ ಜೋಡಿಯನ್ನು ಕೂಡಿಸಿ, 7ರಿಂದ ಭಾಗಿಸಿ, ಶೇಷ ತೋರಿಸುವ ದಿಕ್ಕಿಗೆ ಒಂದು ಹೆಜ್ಜೆ ಇಡಿ. ಆರು ಹೆಜ್ಜೆ ನಡೆದರೂ ಹೊರಟ ಜಾಗದಿಂದ ಸುಮಾರು 2 ಹೆಜ್ಜೆ ದೂರದಲ್ಲೇ ಇರುತ್ತೀರಿ!

7ರ ಬದಲು 10,00,003 ಎಂಬ ಅವಿಭಾಜ್ಯ ಸಂಖ್ಯೆ ಹಿಡಿದರೆ? ಹತ್ತು ಲಕ್ಷ ಹೆಜ್ಜೆ. ಕೈಲೆಕ್ಕ ಸಾಧ್ಯವಿಲ್ಲ, ಅಂದಾಜೇ ಗತಿ. 1926ರಲ್ಲಿ ಡಚ್ ಗಣಿತಜ್ಞ ಕ್ಲೂಸ್ಟರ್‌ಮನ್ ಇಂಥ ಮೊತ್ತಗಳನ್ನು ಮುಂದಿಟ್ಟಿದ್ದರು. ದೂರವು ಆ ಸಂಖ್ಯೆಯ ವರ್ಗಮೂಲದ ಎರಡರಷ್ಟನ್ನು ಮೀರದು, ಅಂದರೆ ಇಲ್ಲಿ ಸುಮಾರು 2,000 ಹೆಜ್ಜೆ ಎಂದು ವೇಯ್ 1948ರಲ್ಲಿ ತೋರಿಸಿದರು. ಅದಕ್ಕೆ ಬೇರು ಸೆರೆಮನೆಯ ಆ ಯೋಚನೆ. ಅಲ್ಲಿಂದ ಪ್ರಕಟಿಸಿದ ಟಿಪ್ಪಣಿಯಲ್ಲಿ ಒಂದು ಮುಖ್ಯ ಮೆಟ್ಟಿಲು ಸಾಧನೆಯಾಗದೆ ಉಳಿದಿತ್ತು. ಅದನ್ನು ಭದ್ರಪಡಿಸಲು ವರ್ಷಗಳೇ ಹಿಡಿದವು.

1940ರ ಮೇ ತಿಂಗಳಲ್ಲಿ ನ್ಯಾಯಾಲಯ ಐದು ವರ್ಷ ಶಿಕ್ಷೆ ವಿಧಿಸಿತು. ಸೈನ್ಯ ಸೇರಲು ಒಪ್ಪಿ ಹೊರಬಂದರು. ಫ್ರಾನ್ಸ್ ಸೋತ ಮೇಲೆ, 1941ರಲ್ಲಿ, ಯಹೂದಿ ಮನೆತನದ ವೇಯ್ ಅಮೆರಿಕ ತಲುಪಿದರು. ಬ್ರೆಜಿಲ್, ಶಿಕಾಗೊ ಆದ ಮೇಲೆ ಪ್ರಿನ್ಸ್‌ಟನ್. 1976ರಲ್ಲಿ ನಿವೃತ್ತರಾಗಿ ಸಂಖ್ಯೆಗಳ ಇತಿಹಾಸಕ್ಕೆ ತೊಡಗಿದರು. 1984ರ ಅವರ ಪುಸ್ತಕದಲ್ಲಿ ನಮ್ಮ ಭಾಸ್ಕರಾಚಾರ್ಯರ ಚಕ್ರವಾಲ ವಿಧಾನವೂ ಇದೆ. 1998ರ ಆಗಸ್ಟ್ 6ರಂದು ಪ್ರಿನ್ಸ್‌ಟನ್ನಿನಲ್ಲೇ ತೀರಿಕೊಂಡರು.